ಗುಂಡಿ ಮುಚ್ಚುವ ಮೊದಲು ಚಿತ್ರ ಅಳಿಸಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ನಮ್ಮ ಊರುಗಳ ರಸ್ತೆ, ಗೋಡೆ, ಮೋರಿಕಟ್ಟೆಗಳ ಮೇಲೆ ಚಿತ್ರಗಳೂ ಕಾಣಿಸಿಕೊಳ್ಳುತ್ತವೆ. ಗುಂಡಿಯ ಸುತ್ತ ಸುಣ್ಣದ ಗೆರೆ, ಮುಚ್ಚಳವಿಲ್ಲದ ಮ್ಯಾನ್‌ಹೋಲ್‌ಗೆ ಕೋರೆಹಲ್ಲು, ಕಡಿದ ಮರದ ಬುಡಕ್ಕೆ ಕೆಂಪು ಬಣ್ಣ, ಕೆರೆಯ ಪಕ್ಕದ ಕಾಂಪೌಂಡಿಗೆ ಸತ್ತ ಮೀನು. ಪತ್ರಿಕೆಗಳು ‘ವಿನೂತನ ಪ್ರತಿಭಟನೆ’ ಎಂದು ತಲೆಬರಹ ಕೊಟ್ಟು ಒಂದು ಫೋಟೊ ಹಾಕುತ್ತವೆ. ಮರುದಿನ ಸಿಬ್ಬಂದಿ ಬಂದು ಗುಂಡಿ ಮುಚ್ಚಿದರೋ, ಚಿತ್ರದ ಮೇಲೆ ಬಣ್ಣ ಬಳಿದು ಹೋದರೋ ಎಂಬುದು ಸುದ್ದಿಯಾಗುವುದಿಲ್ಲ. ಆದರೆ ಇಡೀ ವಿಷಯದ ತಿರುಳು ಇರುವುದೇ ಅಲ್ಲಿ. ಬೀದಿಯ ಪ್ರತಿಭಟನಾ ಚಿತ್ರವೆಂದರೆ ಬಣ್ಣದಲ್ಲಿ ಬರೆದ ದೂರು ಅರ್ಜಿ. ಅರ್ಜಿಯನ್ನು ಇತ್ಯರ್ಥ ಮಾಡದೆ ಹರಿದು ಹಾಕುವುದು ಹೇಗೆ ತಪ್ಪೋ, ದುರಸ್ತಿಗೆ ಮೊದಲು ಚಿತ್ರ ಅಳಿಸುವುದೂ ಹಾಗೆಯೇ ತಪ್ಪು. ಅರ್ಜಿ ಬರೆಯುವವರೂ ಅದನ್ನು ಸರಿಯಾಗಿ ಬರೆಯಬೇಕು. ಎರಡೂ ಕಡೆಯವರಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಸ್ಥಳ ಕೊಡಿ.

ನಮ್ಮಲ್ಲಿ ಈ ಕೆಲಸದ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಬಾದಲ್ ನಂಜುಂಡಸ್ವಾಮಿಯವರದು. ಮೈಸೂರಿನ ದೃಶ್ಯಕಲಾ ಕಾಲೇಜು ‘ಕಾವಾ’ದಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿ ನಿಂತಿದ್ದ ರಸ್ತೆಗುಂಡಿಗೆ ನಿಜಗಾತ್ರದ ಮೊಸಳೆಯ ಪ್ರತಿಕೃತಿಯನ್ನು ಇಳಿಸಿದರು. ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಿತು. 2017ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಗೆ ಹತ್ತಿರದ ಕಾಮರಾಜ ರಸ್ತೆಯ ಗುಂಡಿಯಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕುಳಿತರು. 2019ರ ಸೆಪ್ಟೆಂಬರ್ ಮೊದಲ ವಾರ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ದೇಶವೇ ಕಾಯುತ್ತಿದ್ದ ಹೊತ್ತಿನಲ್ಲಿ, ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಗಗನಯಾನಿಯ ಉಡುಪು ತೊಟ್ಟು ನಿಧಾನವಾಗಿ ನಡೆದರು. ಆ ವಿಡಿಯೊದಲ್ಲಿ ಮೊದಲ ಕೆಲವು ಕ್ಷಣ ಚಂದ್ರನ ನೆಲವೇ ಕಾಣುತ್ತದೆ. ಪಕ್ಕದಲ್ಲಿ ವಾಹನವೊಂದು ಹಾದುಹೋದಾಗ ಇದು ನಮ್ಮದೇ ರಸ್ತೆ ಎಂದು ಹೊಳೆಯುತ್ತದೆ. ಆ ರಸ್ತೆಗೂ ದುರಸ್ತಿಯ ಭಾಗ್ಯ ಬಂತು.

ಇವುಗಳನ್ನು ಬರೀ ‘ಐಡಿಯಾ’ ಎಂದು ಹೊಗಳಿ ಬಿಟ್ಟರೆ ಕಲಿಯುವುದೇನೂ ಉಳಿಯುವುದಿಲ್ಲ. ರಸ್ತೆಯ ಹೆಸರು ಸ್ಪಷ್ಟವಾಗಿತ್ತು, ಆದ್ದರಿಂದ ಯಾವ ವಾರ್ಡಿನ ಯಾವ ಎಂಜಿನಿಯರ್ ಉತ್ತರ ಕೊಡಬೇಕೆಂದು ಎಲ್ಲರಿಗೂ ತಿಳಿಯಿತು. ಗುಂಡಿಯನ್ನೇ ಚಿತ್ರದ ಭಾಗವಾಗಿ ಬಳಸಿದ್ದರಿಂದ ಗುಂಡಿ ಬಿಟ್ಟು ಚಿತ್ರವನ್ನು ಮಾತ್ರ ತೆಗೆಯಲು ದಾರಿಯಿರಲಿಲ್ಲ. ಚಂದ್ರನ ನಡಿಗೆಗೆ ವಾರವನ್ನೇ ಹುಡುಕಿ ಆರಿಸಿದ್ದರು, ಅದೇ ವಿಡಿಯೊ ಎರಡು ತಿಂಗಳು ತಡವಾಗಿ ಬಂದಿದ್ದರೆ ಅಷ್ಟು ಜನ ನೋಡುತ್ತಿರಲಿಲ್ಲ. ನೀವು ಬರೆಯುವ ಚಿತ್ರ ಪಕ್ಕದ ಗೋಡೆಯ ಮೇಲಿದ್ದರೆ ಗೋಡೆಗೆ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ, ಗುಂಡಿಯ ಅಂಚಿನಲ್ಲೇ ಇದ್ದರೆ ಗುಂಡಿಗೆ ಕೈಹಾಕಲೇಬೇಕು.

ಹಾಗೆ ಮಾಡಿದರೂ ಬಣ್ಣ ಬಳಿದು ಹೋಗುವವರುಂಟು. ರಷ್ಯಾದ ಎಕಟೆರಿನ್‌ಬರ್ಗ್ ನಗರದಲ್ಲಿ 2012ರಲ್ಲಿ ಸ್ಥಳೀಯ ಸುದ್ದಿತಾಣವೊಂದು ಮೂರು ಗುಂಡಿಗಳ ಸುತ್ತ ಆ ಪ್ರಾಂತ್ಯದ ಗವರ್ನರ್, ಮೇಯರ್, ಉಪಮೇಯರ್ ಮುಖಗಳನ್ನು ಬರೆಸಿತ್ತು. ಗುಂಡಿಯೇ ಅವರ ತೆರೆದ ಬಾಯಿ. ಕೆಲಸಗಾರರು ಬಂದು ಮುಖಗಳ ಮೇಲೆ ಮಾತ್ರ ಬಣ್ಣ ಬಳಿದು ಹೋದರು. ಆದರೆ ಅದು ಮೊದಲೇ ಅಡಗಿಸಿಟ್ಟಿದ್ದ ಕ್ಯಾಮೆರಾದಲ್ಲಿ ಸೆರೆಯಾಯಿತು, ಊರೆಲ್ಲ ಗುಲ್ಲಾಯಿತು, ಕೊನೆಗೆ ಗುಂಡಿಗಳು ಮುಚ್ಚಿದವು. ಆ ಕ್ಯಾಮೆರಾ ಇಲ್ಲದಿದ್ದರೆ ರಸ್ತೆಯಲ್ಲಿ ಬಣ್ಣ ಬಳಿದ ಗುಂಡಿಗಳು ಹಾಗೆಯೇ ಉಳಿಯುತ್ತಿದ್ದವು.

ಆದ್ದರಿಂದ ಬರೆಯುವವರು ಬ್ರಷ್ ಹಿಡಿಯುವ ಮೊದಲು ಅಳತೆ ಟೇಪು ಹಿಡಿಯಬೇಕು. ಗುಂಡಿಯ ಉದ್ದ, ಅಗಲ ತೆಗೆದುಕೊಳ್ಳಿ. ಆಳಕ್ಕೆ ಒಂದು ನೇರ ಪಟ್ಟಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು, ಅದರ ಕೆಳಗಿನಿಂದ ಟೇಪು ಇಳಿಬಿಡಿ. ಅಂದಾಜಿನಲ್ಲಿ ‘ಎರಡು ಅಡಿ ಆಳ’ ಎಂದು ಬರೆದರೆ ಅಧಿಕಾರಿಗಳು ಅಳೆದು ಏಳು ಇಂಚು ತೋರಿಸಿ ನಿಮ್ಮನ್ನೇ ಸುಳ್ಳುಗಾರರೆನ್ನುತ್ತಾರೆ. ಪಾಲಿಕೆಯಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಆ ಸಂಖ್ಯೆ, ದಿನಾಂಕ, ಅಳತೆ ಈ ಮೂರನ್ನೂ ಚಿತ್ರದ ಒಳಗೇ ಸೇರಿಸಿ, ಮೊಸಳೆಯ ಬೆನ್ನ ಮೇಲಾದರೂ ಸರಿ. ಪಕ್ಕದ ಅಂಗಡಿ ಬೋರ್ಡೋ ಕಂಬದ ಸಂಖ್ಯೆಯೋ ಕಾಣುವಂತೆ ಒಂದು ದೂರದ ಫೋಟೊ, ಟೇಪು ಇಟ್ಟು ಒಂದು ಹತ್ತಿರದ ಫೋಟೊ ತೆಗೆದಿಡಿ. ದುರಸ್ತಿಯಾದ ಮೇಲೆ ಅದೇ ಜಾಗದಿಂದ ಮತ್ತೊಂದು, ಹದಿನೈದು ದಿನ ಬಿಟ್ಟು ಇನ್ನೊಂದು. ಈ ಕೊನೆಯ ಫೋಟೊ ಬಹುಮುಖ್ಯ. ಗುಂಡಿ ಮುಚ್ಚುವುದೆಂದರೆ ಅಂಚನ್ನು ನೇರವಾಗಿ ಚೌಕಾಕಾರಕ್ಕೆ ಕತ್ತರಿಸಿ, ಕೆಸರು ನೀರು ತೆಗೆದು ಒಣಗಿಸಿ, ತೆಳುವಾಗಿ ಡಾಂಬರು ಬಳಿದು, ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ ಅದುಮಬೇಕು. ನೀರಿನ ಮೇಲೆಯೇ ಜಲ್ಲಿಪುಡಿ ಸುರಿದು ಹೋದರೆ ಮುಂದಿನ ಮಳೆಗೆ ಜಲ್ಲಿ ಎದ್ದು ದ್ವಿಚಕ್ರ ವಾಹನಗಳಿಗೆ ಮೊದಲಿಗಿಂತ ಹೆಚ್ಚು ಅಪಾಯ. ಗುಂಡಿ ಮತ್ತೆ ಮತ್ತೆ ಒಂದೇ ಕಡೆ ಬೀಳುತ್ತಿದ್ದರೆ ಪಕ್ಕದ ಮೋರಿ ಕಟ್ಟಿದೆಯೇ, ನೀರಿನ ಪೈಪ್ ಸೋರುತ್ತಿದೆಯೇ ನೋಡಿ. ಆಗ ಚಿತ್ರ ಬರೆಯಬೇಕಾದ್ದು ಮೋರಿಯ ಬಾಯಲ್ಲಿ.

ರಸ್ತೆಯ ಮೇಲೆ ‘ತ್ರಿಡಿ’ ಚಿತ್ರದ ಆಸೆ ಎಲ್ಲ ಹುಡುಗರಿಗೂ ಇದೆ. ಅದರ ಲೆಕ್ಕ ಸರಳ. ನೋಡುವವರ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ, ಚಿತ್ರ 10 ಅಡಿ ದೂರದಲ್ಲಿ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. 1 ಅಡಿ ಎತ್ತರದ ವಸ್ತು ಎದ್ದು ನಿಂತಂತೆ ಕಾಣಬೇಕಾದರೆ ನೆಲದ ಮೇಲೆ ಎರಡೂವರೆ ಅಡಿ ಉದ್ದ ಎಳೆಯಬೇಕು. 2 ಅಡಿ ಎತ್ತರಕ್ಕೆ ಸುಮಾರು 6 ಅಡಿ 8 ಇಂಚು, 3 ಅಡಿಗೆ 15 ಅಡಿ, 4 ಅಡಿಗೆ 40 ಅಡಿ. ಕಣ್ಣಿನ ಮಟ್ಟ ಹತ್ತಿರವಾದಂತೆ ಉದ್ದ ಹೀಗೆ ಒಮ್ಮೆಲೆ ಏರುತ್ತದೆ. ಆಳೆತ್ತರದ ಆನೆ ಬರೆಯಲು ಹೋಗಿ ಅರ್ಧ ರಸ್ತೆ ಮುಗಿದರೂ ಸೊಂಡಿಲು ಮುಗಿಯದಿರುವುದು ಇದರಿಂದಲೇ. ಆಳ ಬರೆಯುವುದಾದರೆ ಲೆಕ್ಕ ತಿರುವುಮುರುವು. 15 ಅಡಿ ದೂರದಲ್ಲಿರುವ ಆಚೆ ಅಂಚಿನಿಂದ ನೋಡುವವರ ಕಡೆಗೆ 5 ಅಡಿ ಆಳದ ಬಾವಿ ತೋರಿಸಲು ಏಳೂವರೆ ಅಡಿ ಜಾಗ ಸಾಕು. ಒಬ್ಬರು ನಿಗದಿತ ಜಾಗದಲ್ಲಿ ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ಕಟ್ಟಿ ಪರದೆ ನೋಡುತ್ತ ಹೇಳಬೇಕು, ಇನ್ನೊಬ್ಬರು ಸೀಮೆಸುಣ್ಣದಲ್ಲಿ ಎಳೆಯಬೇಕು. ಫೋನ್ ಒಂದು ಗೇಣು ಅಲುಗಿದರೂ ಗೆರೆ ಕೂಡುವುದಿಲ್ಲ.

ಆದರೆ ಇಲ್ಲಿ ಕೈಮುಗಿದು ಹೇಳುವ ಮಾತೊಂದಿದೆ. ಇಲ್ಲದ ಬಾವಿಯನ್ನು, ಇಲ್ಲದ ಗುಂಡಿಯನ್ನು ವಾಹನ ಓಡುವ ರಸ್ತೆಯಲ್ಲಿ ಎಂದೂ ಬರೆಯಬೇಡಿ. ಸ್ಕೂಟರಿನವರು ಗಾಬರಿಯಿಂದ ಬ್ರೇಕ್ ಹಾಕುತ್ತಾರೆ, ಹಿಂದಿನಿಂದ ಬರುವ ಲಾರಿಗೆ ಅದು ಗೊತ್ತಿರುವುದಿಲ್ಲ. ಸುಳ್ಳು ಆಳದ ಚಿತ್ರ ಪಾದಚಾರಿ ಮಾರ್ಗದಲ್ಲೋ ಮೈದಾನದಲ್ಲೋ ಇರಲಿ. ರಸ್ತೆಯಲ್ಲಿ ನಿಜವಾದ ಗುಂಡಿಯ ಅಂಚಿಗೆ ಮಾತ್ರ, ಆರು ಇಂಚು ಅಗಲದ ಪಟ್ಟಿ ಸಾಕು. ಎನಾಮೆಲ್ ಎಂಬ ಎಣ್ಣೆ ಬಣ್ಣ ಡಾಂಬರಿನ ಮೇಲೆ ಒಣಗಿದಾಗ ಚೆನ್ನಾಗಿಯೇ ಕಾಣುತ್ತದೆ, ನಾಲ್ಕು ಹನಿ ಬಿದ್ದರೆ ಗಾಜಿನಂತೆ ಜಾರುತ್ತದೆ. ಸುಣ್ಣವನ್ನೋ ನೀರಿನಲ್ಲಿ ಕಲಸುವ ಎಮಲ್ಷನ್ ಬಣ್ಣವನ್ನೋ ತೆಳುವಾಗಿ ಬಳಿದು, ಹಸಿ ಇರುವಾಗಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿದರೆ ಹಿಡಿತ ಉಳಿಯುತ್ತದೆ. ಗುಂಡಿಯಲ್ಲಿ ಯಾವುದೇ ವಸ್ತು ಇಟ್ಟಿದ್ದರೆ ಕತ್ತಲಾಗುವ ಮೊದಲು ತೆಗೆಯಿರಿ, ಇಡುವುದೇ ಆದರೆ ಸುತ್ತ ಬೆಳಕು ಹೊಳೆಯುವ ಟೇಪು ಸುತ್ತಿ. ಕೆಲಸ ಮಾಡುವಾಗ ಕನಿಷ್ಠ ಮೂವರು ಇರಬೇಕು. ಅವರಲ್ಲಿ ಒಬ್ಬರಿಗೆ ಬರುವ ವಾಹನ ನೋಡುವುದನ್ನು ಬಿಟ್ಟು ಬೇರೆ ಕೆಲಸ ಕೊಡಬಾರದು. ಭಾನುವಾರ ಬೆಳಿಗ್ಗೆ ಐದರಿಂದ ಏಳು ಸೂಕ್ತ ಹೊತ್ತು. ಸಂಚಾರ ಠಾಣೆಗೆ ಮೊದಲೇ ತಿಳಿಸಿ ಎರಡು ಕೋನ್ ಕೇಳಿದರೆ ಹಲವು ಕಡೆ ಕೊಡುತ್ತಾರೆ.

ಪರಿಸರದ ವಿಷಯದಲ್ಲಿ ಬೀದಿ ಚಿತ್ರಕ್ಕೆ ಇನ್ನೂ ದೊಡ್ಡ ಕೆಲಸವಿದೆ. 2007ರಲ್ಲಿ ಈವ್ ಮೋಷರ್ ಎಂಬ ಕಲಾವಿದೆ ನ್ಯೂಯಾರ್ಕಿನಲ್ಲಿ, ಆಟದ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಗಾಡಿಯನ್ನು ತಳ್ಳಿಕೊಂಡು ನಗರದ ಬೀದಿಗಳಲ್ಲಿ ನಡೆದರು. ಸಮುದ್ರಮಟ್ಟದಿಂದ 10 ಅಡಿ ಎತ್ತರದ ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲೆಲ್ಲ ಗೆರೆ ಎಳೆಯುತ್ತ ಬ್ರೂಕ್ಲಿನ್ ಮತ್ತು ಕೆಳ ಮ್ಯಾನ್‌ಹಟ್ಟನ್‌ನಲ್ಲಿ ಸುಮಾರು 70 ಮೈಲಿ ಕ್ರಮಿಸಿದರು. ಮುಂದೆ ಪ್ರವಾಹ ಬಂದರೆ ನೀರು ಎಲ್ಲಿಯವರೆಗೆ ಬರಬಹುದೆಂದು ಜನರಿಗೆ ಅವರ ಮನೆಬಾಗಿಲಲ್ಲೇ ತೋರಿಸಿದ್ದು ಅಷ್ಟೇ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಆ ಗೆರೆಯ ಅಕ್ಕಪಕ್ಕದ ಬೀದಿಗಳು ಮುಳುಗಿದವು. ಬಣ್ಣ ಒಂದೇ, ಗೆರೆ ಒಂದೇ, ಆದರೆ ಆ ಗೆರೆಗೆ ಅಳತೆಯ ಬಲವಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಆಸುಪಾಸು ಮುಳುಗಿ ಜನ ಟ್ರ್ಯಾಕ್ಟರ್‌ಗಳಲ್ಲಿ ಕೆಲಸಕ್ಕೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಉಳಿದಿದ್ದ ಕೆಸರಿನ ಗೆರೆಯನ್ನು ಜನ ತೊಳೆದುಬಿಟ್ಟರು, ಕೆಲವರು ಬಣ್ಣ ಹೊಡೆಸಿ ಮನೆ ಬಾಡಿಗೆಗೆ ಕೊಟ್ಟರು. ಆ ಕೆಸರು ಗೆರೆಯ ಮೇಲೆಯೇ ಮೂರು ಇಂಚು ಅಗಲದ ನೀಲಿ ಪಟ್ಟಿ ಎಳೆದು ದಿನಾಂಕ ಬರೆದಿದ್ದರೆ ಅದಕ್ಕಿಂತ ದೊಡ್ಡ ಪ್ರತಿಭಟನೆ ಬೇರೆ ಬೇಕಿರಲಿಲ್ಲ. ಇದನ್ನು ಯಾವ ಊರಿನಲ್ಲಾದರೂ ಮಾಡಬಹುದು. ನೀರು ಇಳಿದು ಒಂದು ವಾರದೊಳಗೆ, ಮುಂದಿನ ಮಳೆ ಗೆರೆ ತೊಳೆಯುವ ಮೊದಲು ಗುರುತು ಹಾಕಿ. ಒಂದು ಗೋಡೆಯ ಗುರುತನ್ನು ಇನ್ನೊಂದಕ್ಕೆ ಒಯ್ಯಲು ಗಾರೆ ಕೆಲಸದವರ ಮಟ್ಟದ ಪೈಪ್ ಬೇಕು. ಸುಮಾರು 15 ಮೀಟರ್ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯ ನೀರನ್ನು ಗುರುತಿಗೆ ಹಿಡಿದರೆ ಇನ್ನೊಂದು ತುದಿಯಲ್ಲಿ ಅದೇ ಮಟ್ಟ ಸಿಗುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಮಟ್ಟ ತಪ್ಪುತ್ತದೆ. ಮೊದಲು ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿಕೊಳ್ಳಿ. ಈ ಉಪಾಯ ನಿಂತ ನೀರಿಗೆ ಮಾತ್ರ. ಹರಿಯುವ ರಾಜಕಾಲುವೆಯ ನೀರಿನ ಮೇಲ್ಮೈ ಇಳಿಜಾರಾಗಿರುವುದರಿಂದ ಅಲ್ಲಿ ಪ್ರತಿ ಗೋಡೆಯಲ್ಲೂ ಉಳಿದ ಕೆಸರು ಕಲೆಯನ್ನೇ ನಂಬಬೇಕು, ಪೈಪನ್ನಲ್ಲ.

ಬಣ್ಣವೇ ಬೇಡದ ಚಿತ್ರವೂ ಇದೆ. ಬ್ರೆಜಿಲ್‌ನ ಸಾವೊ ಪಾವ್ಲೊ ನಗರದಲ್ಲಿ 2006ರಲ್ಲಿ ಅಲೆಕ್ಸಾಂಡ್ರೆ ಒರಿಯನ್ ಎಂಬ ಕಲಾವಿದ ವಾಹನಗಳ ಹೊಗೆ ಕಟ್ಟಿ ಕಪ್ಪಾಗಿದ್ದ ಸುರಂಗದ ಗೋಡೆಯನ್ನು ರಾತ್ರಿ ಹೊತ್ತು ಬಟ್ಟೆಯಿಂದ ಒರೆಸುತ್ತ ಸಾಲು ಸಾಲು ತಲೆಬುರುಡೆಗಳನ್ನು ಮೂಡಿಸಿದ. ಪೊಲೀಸರು ಬಂದರು, ಆದರೆ ಗೋಡೆ ಒರೆಸಬಾರದೆಂದು ಯಾವ ಕಾನೂನಿದೆ? ಕೊನೆಗೆ ನಗರಾಡಳಿತವೇ ಸುರಂಗವನ್ನು ತೊಳೆಯಿತು. ಚಿತ್ರ ಹೋಯಿತು, ಜೊತೆಗೆ ಮಸಿಯೂ ಹೋಯಿತು. ನಮ್ಮ ನಗರಗಳ ಅಂಡರ್‌ಪಾಸ್, ಮೇಲ್ಸೇತುವೆಯ ಕಂಬಗಳಿಗೆ ಇದು ಹೇಳಿ ಮಾಡಿಸಿದ ವಿಧಾನ. ಕತ್ತರಿಸಿದ ಅಚ್ಚುಹಾಳೆಯನ್ನು ಗೋಡೆಗೆ ಅದುಮಿ ಹಿಡಿದು, ಒದ್ದೆ ಮಾಡಿದ ಮೆತ್ತನೆಯ ನೈಲಾನ್ ಬ್ರಷ್‌ನಿಂದ ಒಳಭಾಗವನ್ನು ಉಜ್ಜಿದರೆ ಸಾಕು. ನೀರು ಹೆಚ್ಚಾದರೆ ಹಾಳೆಯ ಕೆಳಗೆ ನುಸುಳಿ ಅಕ್ಷರ ಸೋರಿದಂತಾಗುತ್ತದೆ, ಬ್ರಷ್ ಹಿಂಡಿಯೇ ಬಳಸಬೇಕು. ಆ್ಯಸಿಡ್ ಬೇಡವೇ ಬೇಡ. ಹಳೆಯ ಗಾರೆ ಗೋಡೆ, ಕಲ್ಲಿನ ಕಟ್ಟಡಗಳ ಮೇಲೆ ಈ ಪ್ರಯೋಗ ಮಾಡಬಾರದು, ಕಾಂಕ್ರೀಟಿಗಷ್ಟೇ. ಮುಖಗವಸು ಬಿಗಿಯಾಗಿರಲಿ, ಉದುರುವ ಮಸಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒರೆಸಿದ ಬಟ್ಟೆ ಹಿಂಡಿದ ನೀರನ್ನು ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ತಳದಲ್ಲಿ ಕೂರುವ ಕಪ್ಪನ್ನು ಒಂದು ಗಾಜಿನ ಸೀಸೆಯಲ್ಲಿ ತುಂಬಿ, ಇಷ್ಟು ಚದರ ಅಡಿ ಗೋಡೆಯಿಂದ ಇಷ್ಟು ಮಸಿ ಎಂದು ಚೀಟಿ ಅಂಟಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಅನಿರುದ್ಧ ಶರ್ಮಾ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ನಡೆಸಿದ ಗ್ರಾವಿಕಿ ಲ್ಯಾಬ್ಸ್, ವಾಹನದ ಹೊಗೆಯ ಮಸಿಯಿಂದಲೇ ‘ಏರ್ ಇಂಕ್’ ಎಂಬ ಶಾಯಿ ಮಾಡಿ ಕಲಾವಿದರ ಕೈಗೆ ಕೊಟ್ಟದ್ದನ್ನೂ ಇಲ್ಲಿ ನೆನೆಯಬೇಕು.

ಕೆರೆ ಉಳಿಸಿ ಎಂದು ಬರೆದು ಬ್ರಷ್ಷನ್ನು ಮೋರಿಯಲ್ಲಿ ತೊಳೆಯುವುದು ಬಹಳ ಕಡೆ ನಡೆಯುತ್ತದೆ. ಇದು ಮನಸ್ಸಿಗೆ ನೋವು ತರುವ ಸಂಗತಿ. ಮಳೆನೀರ ಮೋರಿ ನೇರ ಕೆರೆಗೆ ಹೋಗುತ್ತದೆ. ಕೆಲಸಕ್ಕೆ ಎರಡು ಬಕೆಟ್ ಒಯ್ಯಿರಿ, ಮೊದಲನೆಯದರಲ್ಲಿ ಬ್ರಷ್ ತೊಳೆದು ಎರಡನೆಯದರಲ್ಲಿ ಜಾಲಾಡಿ. ಬಕೆಟ್ಟನ್ನು ಎರಡು ದಿನ ಅಲುಗಿಸದೆ ಇಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮುಂದಿನ ತೊಳೆತಕ್ಕೆ ಬಳಸಿ, ತಳದ ಗಸಿಯನ್ನು ಹಳೆಯ ಪೇಪರಿನ ಮೇಲೆ ಒಣಗಿಸಿ ಒಣಕಸಕ್ಕೆ ಹಾಕಿ. ಟರ್ಪೆಂಟೈನ್, ಥಿನ್ನರ್ ಬೇಡುವ ಬಣ್ಣವನ್ನು ನೀರಿನ ಹತ್ತಿರ ತರಲೇಬೇಡಿ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಿಲ್ಲವೆಂಬ ಮಾತು ಇದೆಯೇ ಓದಿ. ಮನೆಬಳಕೆ ಮತ್ತು ಅಲಂಕಾರದ ಬಣ್ಣಗಳಿಗೆ ಈ ಮಿತಿ 2017ರ ನವೆಂಬರ್ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಹೊಳೆಯುವ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಜಾಸ್ತಿ. ಶಾಲೆಯ ಗೋಡೆಗೆ, ಮಕ್ಕಳು ಕೈಯಾಡಿಸುವ ಎತ್ತರಕ್ಕೆ ಅಂಥದ್ದನ್ನು ಬಳಿಯಬಾರದು.

ಜೀವಂತ ಮರದ ಕಾಂಡದ ಮೇಲೆ ಕಣ್ಣು, ಮೂಗು ಬರೆದು ‘ನನ್ನನ್ನು ಕಡಿಯಬೇಡಿ’ ಎನ್ನುವುದು ಈಚೆಗೆ ರೂಢಿಯಾಗಿದೆ. ತೊಗಟೆಯಲ್ಲಿ ಮರ ಉಸಿರಾಡುವ ಸಣ್ಣ ರಂಧ್ರಗಳಿವೆ, ಎನಾಮೆಲ್ ಅವನ್ನು ಮುಚ್ಚುತ್ತದೆ. ಬರೆಯಲೇಬೇಕಾದರೆ ಕೆಮ್ಮಣ್ಣು, ಸುಣ್ಣದ ತಿಳಿಯಲ್ಲಿ ಬರೆಯಿರಿ, ಅಥವಾ ಗೋಣಿತಾಟಿನ ಮೇಲೆ ಬರೆದು ಸಡಿಲವಾಗಿ ಕಟ್ಟಿ. ಮೊಳೆ ಹೊಡೆಯಬೇಡಿ.

ಮಣ್ಣಿನ ಬಣ್ಣಕ್ಕೆ ನಮ್ಮಲ್ಲೇ ದೊಡ್ಡ ಪಾಠಶಾಲೆಯಿದೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮನೆಗೋಡೆಗೆ ಬರೆಯುವ ಹಸೆಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಷ್ಷಿಗೆ ಪುಂಡಿನಾರು. ಇವು ಮಳೆಗೆ ನಿಲ್ಲುವುದಿಲ್ಲ, ಸೂರಿನಡಿಗೆ ಸರಿ. ಬಯಲ ಗೋಡೆಗೆ ಸುಣ್ಣವೇ ಅಗ್ಗ, ಒಣಗಿದ ಮೇಲೆ ನಿರಪಾಯ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಹಿಂದಿನ ದಿನವೇ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸೇರಿಸಿ. ಗೋಂದಿಲ್ಲದ ಸುಣ್ಣ ಬೆನ್ನು ಒರಗಿದವರ ಅಂಗಿಗೆ ಹತ್ತುತ್ತದೆ. ಗೋಡೆಯನ್ನು ಒದ್ದೆ ಮಾಡಿ ತೆಳುವಾಗಿ ಮೂರು ಕೈ ಬಳಿಯಿರಿ. ದಪ್ಪಗೆ ಒಂದೇ ಕೈ ಬಳಿದರೆ ಹಕ್ಕಳೆ ಏಳುತ್ತದೆ. ಸುಣ್ಣದೊಂದಿಗೆ ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಕಪ್ಪು, ಬಟ್ಟೆಗೆ ಹಾಕುವ ನೀಲಿ ಹೊಂದುತ್ತವೆ. ಪ್ರಷ್ಯನ್ ನೀಲಿಯಂಥವನ್ನು ಸುಣ್ಣದ ಕ್ಷಾರ ತಿಂದುಬಿಡುತ್ತದೆ, ತಿಂಗಳಲ್ಲಿ ಮಂಕಾಗುತ್ತವೆ. ಅರಳುವ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ದೂರವಿಡಿ.

ವರ್ಷಗಟ್ಟಲೆ ಉಳಿಯಬೇಕಾದ ಗೋಡೆಗೆ ಎಮಲ್ಷನ್ ಬೇಕು. ಅದು ವರ್ಷದೊಳಗೆ ಉದುರಿದರೆ ತಪ್ಪು ಹೆಚ್ಚಾಗಿ ಬಣ್ಣದ್ದಲ್ಲ, ಗೋಡೆಯ ತೇವದ್ದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಆ ಗೋಡೆ ಇನ್ನೂ ಸಿದ್ಧವಾಗಿಲ್ಲ. ಹೊಸ ಗಾರೆಗೆ 28 ದಿನ ಕೊಡಬೇಕು. ಬಿಳಿ ಉಪ್ಪು ಎದ್ದಿದ್ದರೆ ಒಣ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. 10 ಅಡಿ ಎತ್ತರ, 20 ಅಡಿ ಉದ್ದದ ಗೋಡೆಗೆ ಎರಡು ಲೀಟರ್ ಹೊರಗೋಡೆ ಪ್ರೈಮರ್, ನಾಲ್ಕು ಲೀಟರ್ ಬಿಳಿ ಎಮಲ್ಷನ್, ಜೊತೆಗೆ ಬಿಳಿಗೆ ಬೆರೆಸುವ ಬಣ್ಣದ ದ್ರವದ (ಸ್ಟೇನರ್) ಸೀಸೆಗಳು ಸಾಕು. ಲೀಟರಿಗೆ 30 ಮಿಲಿಲೀಟರ್ ದಾಟಿ ಸ್ಟೇನರ್ ಸುರಿದರೆ ಬಣ್ಣ ಒಣಗಿಯೂ ಒಣಗದಂತೆ ಕೈಗೆ ಅಂಟುತ್ತದೆ. ಕಡು ಬಣ್ಣ ಬೇಕಿದ್ದರೆ ಅದೇ ಬಣ್ಣದ ಡಬ್ಬಿ ಕೊಳ್ಳಿ. ಗೋಡೆಯ ಕೆಳಗಿನ ಒಂದು ಅಡಿಯಲ್ಲಿ ಚಿತ್ರ ಬೇಡ, ಮಳೆನೀರು ಸಿಡಿಯುವ, ನೆಲದ ತೇವ ಏರುವ ಜಾಗ ಅದು. ಅಲ್ಲಿ ಕೆಂಪು ಆಕ್ಸೈಡ್ ಬಣ್ಣದ ಪಟ್ಟಿ ಸಾಕು. ಕಾಗದದ ಮೇಲೆ ಒಂದು ಸೆಂಟಿಮೀಟರ್ ಚೌಕ, ಗೋಡೆಯ ಮೇಲೆ ಒಂದು ಅಡಿ ಚೌಕ ಹಾಕಿಕೊಂಡು ಚಿತ್ರ ಇಳಿಸಿ. ಚೌಕದ ಗೆರೆಗೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಹೊಡೆಯಿರಿ, ಪೆನ್ಸಿಲ್ ಗೆರೆ ತಿಳಿ ಬಣ್ಣದಡಿಯಿಂದ ಇಣುಕುತ್ತದೆ.

ಅಕ್ಷರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಚೆಂದದ ಚಿತ್ರಗಳು ಸೋಲುವುದು ಇಲ್ಲೇ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಲೆಕ್ಕ. ಅರವತ್ತು ಅಡಿಯಿಂದ ಓದಬೇಕಾದರೆ ಆರು ಇಂಚು. ಕನ್ನಡಕ್ಕೆ ಎಂಟು ಇಂಚು ಇಡಿ, ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಬೇಕು. ಬಸ್ಸಿನಲ್ಲಿ ಹೋಗುವವರಿಗೆ ನಾಲ್ಕೈದು ಪದಕ್ಕಿಂತ ಹೆಚ್ಚು ಓದಲು ಹೊತ್ತಿಲ್ಲ. ಮೋರಿಯ ಬಾಯಿಗೆ ‘ಇಲ್ಲಿ ಸುರಿದದ್ದು ಕೆರೆಗೆ’ ಎಂದು ಅಚ್ಚು ಒತ್ತುವುದು ಎಲ್ಲ ಊರುಗಳೂ ಮಾಡಬಹುದಾದ ಕೆಲಸ. ಅಚ್ಚಿಗೆ ಹಳೆಯ ಎಕ್ಸ್-ರೇ ಹಾಳೆ ಚೆನ್ನ. ರ, ಠ, ಸೊನ್ನೆ ಇಂಥವುಗಳಲ್ಲಿ ಒಳಗಿನ ಬಿಲ್ಲೆ ಕಳಚಿ ಬೀಳದಂತೆ ನಾಲ್ಕೈದು ಮಿಲಿಮೀಟರ್ ಅಗಲದ ಎರಡು ಸೇತುವೆ ಬಿಟ್ಟು ಕತ್ತರಿಸಬೇಕು. ಒಂದೇ ಬಿಟ್ಟರೆ ಮೂರನೆಯ ಅಚ್ಚಿಗೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿಗಾಗಿ ಮಾಡಿದ ಅಚ್ಚು ಅಕ್ಷರಗಳ ಮಾದರಿಯಲ್ಲಿ ಕನ್ನಡ ಕತ್ತರಿಸಿದರೆ ಒತ್ತುಗಳು ಒಂದಕ್ಕೊಂದು ಅಂಟಿ ಮಸಿಯ ಉಂಡೆಯಾಗುತ್ತವೆ, ಒತ್ತನ್ನು ಸ್ವಲ್ಪ ಬಲಕ್ಕೆ ಸರಿಸಿ ಬಿಡಿಸಿ ಬರೆಯಿರಿ. ಸ್ಪ್ರೇ ಡಬ್ಬಿಗಿಂತ ಗಟ್ಟಿ ಎಮಲ್ಷನ್ ಅದ್ದಿ ಹಿಂಡಿದ ಸ್ಪಂಜಿನಿಂದ ತಟ್ಟುವುದು ಅಗ್ಗ, ವಾಸನೆಯಿಲ್ಲ, ಅಂಚು ಸೋರುವುದಿಲ್ಲ.

ಕಾನೂನಿನ ಭಯವನ್ನು ಮುಚ್ಚಿಡುವುದು ಸರಿಯಲ್ಲ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜಾಹೀರಾತು ಎಂಬ ಪದಕ್ಕೆ ಅಲ್ಲಿ ಕೊಟ್ಟ ಅರ್ಥ ವಿಶಾಲವಾಗಿದೆ, ಅಕ್ಷರ, ಚಿಹ್ನೆ, ಚಿತ್ರ ಎಲ್ಲವೂ ಬರುತ್ತವೆ. ಪೋಸ್ಟರ್ ಮಾಫಿಯಾ ತಡೆಯಲು ಈ ಕಾಯ್ದೆ ಬೇಕು. ಆದರೆ ಸಿನಿಮಾ ಪೋಸ್ಟರ್, ಹುಟ್ಟುಹಬ್ಬದ ಶುಭಾಶಯ, ಗುಂಡಿಯ ಸುತ್ತಲಿನ ಸುಣ್ಣದ ಗೆರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಳಿಸಲು ಬರುವ ಸೀಮೆಸುಣ್ಣ, ಸುಣ್ಣದ ತಿಳಿ, ಒರೆಸಿ ಬರೆದ ಚಿತ್ರ ಇವುಗಳಿಗೆ ಬೇರೆ ನಿಲುವು ಇರಲೇಬೇಕು. ಖಾಸಗಿ ಕಾಂಪೌಂಡಿಗೆ ಮಾಲೀಕರ ಸಹಿ ಇರುವ ಒಂದು ಹಾಳೆ ಕೈಯಲ್ಲಿರಲಿ. ಪಾರಂಪರಿಕ ಕಟ್ಟಡ, ಬಂಡೆ, ಸ್ಮಾರಕಗಳ ತಂಟೆಗೆ ಯಾರೂ ಹೋಗಬಾರದು, ಯಾವ ಉದ್ದೇಶಕ್ಕಾದರೂ.

ನಗರಾಡಳಿತಗಳಿಗೆ ಗೋಡೆ ಚಿತ್ರ ಬೇಡವೆಂದೇನಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಪಾಲಿಕೆಯೇ ಪೋಸ್ಟರ್ ಅಂಟಿಸುವ ಗೋಡೆಗಳಿಗೆ, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಂದ ಜೋಗ, ಹಂಪಿ, ಹುಲಿ, ಆನೆ ಬರೆಸಿತು. ಕಲಾವಿದರಿಗೆ ಕೂಲಿ ಸಿಕ್ಕಿದ್ದು ಒಳ್ಳೆಯದೇ. ಕಷ್ಟವಿರುವುದು, ಒಣಗಿದ ಕೆರೆಯ ಪಕ್ಕದ ಗೋಡೆಗೆ ತುಂಬಿದ ಕೆರೆಯ ಚಿತ್ರ ಬರೆಸಿದಾಗ. ಅಲ್ಲಿ ಬಣ್ಣ ಸತ್ಯವನ್ನು ಮುಚ್ಚುತ್ತದೆ. ಅದೇ ಗೋಡೆಗೆ ಕೆರೆಯ ಹಳೆಯ ವಿಸ್ತೀರ್ಣ, ಈಗಿನ ವಿಸ್ತೀರ್ಣ, ಸರ್ವೆ ನಂಬರ್ ಬರೆಸಿದರೆ ಪ್ರತಿಭಟನೆಯೂ ಆಯಿತು, ಅಂದವೂ ಆಯಿತು. ಇಟಲಿಯ ಬ್ಲೂ ಎಂಬ ಕಲಾವಿದ 2016ರಲ್ಲಿ ಬೊಲೊನ್ಯಾ ನಗರದಲ್ಲಿ ತನ್ನವೇ ಇಪ್ಪತ್ತು ವರ್ಷಗಳ ಗೋಡೆ ಚಿತ್ರಗಳನ್ನು ಬೂದು ಬಣ್ಣ ಬಳಿದು ಅಳಿಸಿಬಿಟ್ಟ. ಬೀದಿಯಲ್ಲಿ ಬರೆದುದನ್ನು ಗೋಡೆಯಿಂದ ಕಿತ್ತು ಟಿಕೆಟ್ ಇಟ್ಟು ತೋರಿಸುವ ಪ್ರದರ್ಶನಕ್ಕೆ ಅವನ ಉತ್ತರ ಅದಾಗಿತ್ತು. ಬೀದಿಯ ಚಿತ್ರ ಬೀದಿಯ ಜನರದು ಎಂಬ ಹಟವನ್ನು ನಾನು ಗೌರವಿಸುತ್ತೇನೆ.

ಪಾಲಿಕೆ, ನಗರಸಭೆಗಳಲ್ಲಿ ನನ್ನ ಬೇಡಿಕೆ ಚಿಕ್ಕದು, ಒಂದು ಸುತ್ತೋಲೆಯಲ್ಲಿ ಮುಗಿಯುವಂಥದ್ದು. ರಸ್ತೆ, ಮೋರಿ, ಕೆರೆಗಳ ಬಳಿ ಪ್ರತಿಭಟನೆಯ ಚಿತ್ರ ಕಂಡರೆ ವಾರ್ಡಿನ ಎಂಜಿನಿಯರ್ ಮೊದಲು ಫೋಟೊ ತೆಗೆದು ಅದನ್ನು ದೂರಾಗಿ ದಾಖಲಿಸಲಿ. ಚಿತ್ರ ಸಂಚಾರಕ್ಕೆ ಅಪಾಯ ತರುವಂತಿದ್ದರೆ ಅದೇ ದಿನ ತೆಗೆಯಲಿ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಉಳಿದಂತೆ ದುರಸ್ತಿಯಾದ ಮೇಲೆ, ದುರಸ್ತಿಯ ಫೋಟೊವನ್ನು ಅದೇ ದೂರಿನ ಸಂಖ್ಯೆಗೆ ಸೇರಿಸಿದ ನಂತರವೇ ಅಳಿಸಲು ಆದೇಶವಿರಲಿ. ಅಳಿಸುವ ಕೆಲಸವನ್ನು ಬರೆದವರಿಗೇ ಒಪ್ಪಿಸಬಹುದು. ಸುಣ್ಣದ ಚಿತ್ರಕ್ಕೆ ತೆಂಗಿನ ನಾರಿನ ಬ್ರಷ್, ಎರಡು ಬಕೆಟ್ ನೀರು ಸಾಕು. ಎಮಲ್ಷನ್ ಆದರೆ ಗೋಡೆಯ ಮೂಲ ಬಣ್ಣ ಒಂದು ಲೀಟರ್. ಹಾಗೆ ಕರೆದರೆ ಬರುತ್ತಾರೆ.

ಗೋಡೆ ಚಿತ್ರದ ಕೆಲಸದವರೊಬ್ಬರು
ಮೈಸೂರು